ಕುಂಬಳದ ಬೂದಿ, ರಂಬೂಟಾನಿನ ಕೂದಲು

ನಮ್ಮ ಕಡೆ ಮೇ ತಿಂಗಳಲ್ಲಿ ಹಲಸಿನ ಹಣ್ಣು ಹೊತ್ತುಕೊಂಡು ನೆಂಟರ ಮನೆಗೆ ಹೋಗುವುದೆಂದರೆ ನೆಂಟಸ್ತಿಕೆ ಕೆಡಿಸಿಕೊಳ್ಳುವ ಸುಲಭದ ದಾರಿ. ಅವರ ಅಂಗಳದಲ್ಲೂ ಮೂರು ನಾಲ್ಕು ಬಿದ್ದುಕೊಂಡಿರುತ್ತವೆ, ನೊಣ ಹಾರುತ್ತಿರುತ್ತದೆ, ದನಗಳಿಗೂ ತಿಂದು ತಿಂದು ಸಾಕಾಗಿರುತ್ತದೆ. ಮನೆಯೊಡತಿ "ಅಯ್ಯೋ, ಇದೆಲ್ಲ ಎಂತಕ್ಕೆ ತಂದದ್ದು?" ಎನ್ನುತ್ತಾಳೆ. ಬೇರೆ ಊರುಗಳಲ್ಲಿ ಇದು ಉಪಚಾರದ ಮಾತು. ನಮ್ಮಲ್ಲಿ ನಿಜವಾದ ಪ್ರಶ್ನೆ. ನೀವು ಕಾಫಿ ಕುಡಿದು ಹೊರಡುವ ಹೊತ್ತಿಗೆ ಯಜಮಾನರು ನೀವು ತಂದದ್ದಕ್ಕಿಂತ ದೊಡ್ಡದೊಂದನ್ನು ನಿಮ್ಮ ಜೀಪಿಗೆ ಏರಿಸಿ ಹಿಂದಿನ ಬಾಗಿಲು ಹಾಕಿಬಿಟ್ಟಿರುತ್ತಾರೆ. ಬೆಳ್ತಂಗಡಿಯಲ್ಲಿ ಹೊರಟ ಹಲಸು ಬಂಟ್ವಾಳ ನೋಡಿಕೊಂಡು, ಮೂಡುಬಿದಿರೆಯಲ್ಲೊಂದು ರಾತ್ರಿ ಕಳೆದು, ಹಣ್ಣಾಗಿ ಊರಿಗೇ ಮರಳಿದ ಪ್ರಸಂಗಗಳು ನಮ್ಮ ಕುಟುಂಬದ ಇತಿಹಾಸದಲ್ಲಿವೆ.

ಹಣ್ಣು ಹೆಚ್ಚಾದರೆ ಏನು ಮಾಡಬೇಕು ಎಂಬುದಕ್ಕೆ ಹಿರಿಯರ ಬಳಿ ಒಂದೇ ಉತ್ತರವಿತ್ತು: ಅದನ್ನು ಹಣ್ಣಾಗಿ ಇರಲು ಬಿಡಬಾರದು. ಮಾವಿನ ರಸವನ್ನು ಚಾಪೆಯ ಮೇಲೆ ದಿನಕ್ಕೊಂದು ಪದರ ಎರೆದು ಒಣಗಿಸಿ ಮಾಂಬಳ ಮಾಡಿದರು. ಎಳೆಗಾಯಿಯನ್ನು ಭರಣಿಯ ಉಪ್ಪುನೀರಿಗೆ ಇಳಿಸಿದರು. ಹಲಸಿನ ಸೊಳೆ ಅರ್ಧ ಹಪ್ಪಳಕ್ಕೆ, ಅರ್ಧ ಉಪ್ಪಿಗೆ. ಪುನರ್ಪುಳಿಯ ಸಿಪ್ಪೆ ಬಿಸಿಲು ಕಂಡು ಡಬ್ಬಿ ಸೇರಿತು. ಇಷ್ಟಾದ ಮೇಲೂ ಮಿಕ್ಕಿದ್ದು ಮರದ ಬುಡಕ್ಕೆ ಗೊಬ್ಬರ. ಅಳಿಕೆಯ ಕಡೆ ಉಬರಿನ ಹಲಸು ಸ್ನೇಹಿ ಕೂಟದವರು, ಪುತ್ತೂರಿನಿಂದ 1988ರಿಂದಲೂ ಬರುತ್ತಿರುವ 'ಅಡಿಕೆ ಪತ್ರಿಕೆ'ಯವರು ಹಲಸಿಗೆ ಮಾನ ತಂದುಕೊಟ್ಟ ಮೇಲೆ ಈ ಗೊಬ್ಬರದ ಪಾಲು ಸ್ವಲ್ಪ ಇಳಿದಿರಬಹುದು. ಆದರೆ ಹಣ್ಣನ್ನು ಹಣ್ಣಾಗಿಯೇ, ಮರದಿಂದ ಕೊಯ್ದ ಮುಖದಲ್ಲೇ, ವಾರಗಟ್ಟಲೆ ಇಟ್ಟುಕೊಳ್ಳಬೇಕೆಂಬ ಆಸೆ ನಮ್ಮ ಅಜ್ಜಂದಿರಿಗೆ ಇದ್ದಂತಿಲ್ಲ. ಆ ಆಸೆಯನ್ನು ನಮಗೆ ಹಚ್ಚಿದ್ದು ರಂಬೂಟಾನ್.

ಅಡಿಕೆಗೆ ಕೊಳೆರೋಗ, ಹಳದಿರೋಗ, ಈಗ ಎಲೆಚುಕ್ಕೆ ರೋಗ ಎಂದು ಒಂದರ ಹಿಂದೊಂದು ಬಂದಾಗ ಬೆಳ್ತಂಗಡಿ ತಾಲೂಕಿನ ಕೃಷಿಕರು ತೋಟದ ಅಂಚಿನಲ್ಲಿ ಹೊರದೇಶದ ಹಣ್ಣುಗಳನ್ನು ನೆಟ್ಟು ನೋಡಿದರು. ಮೂಡುಬಿದಿರೆ ಹತ್ತಿರದ ಸೋನ್ಸ್ ಫಾರ್ಮಿಗೆ ಹೋಗಿ ಅನಾನಸು ತಿಂದು, ಹಿಂದೆ ಬರುವಾಗ ರಂಬೂಟಾನ್, ಮ್ಯಾಂಗೋಸ್ಟೀನ್ ಎಂದು ಬಾಯಿತುಂಬ ಹೆಸರು ಹೇಳಿಕೊಂಡು ಬಂದವರು ಎಷ್ಟೋ ಮಂದಿ. ನಾನೂ ಒಂದಿಷ್ಟು ಎನ್-18 ಕಸಿ ಗಿಡ ನೆಟ್ಟೆ. ಗಿಡ ನಮ್ಮ ಮಳೆಯನ್ನು ಮೆಚ್ಚಿತು. ನೆರಳು, ತಂಪು, ತೇವ ಎಲ್ಲ ಅದರ ತವರುಮನೆ ಮಲಯದ ಕಡೆಯದ್ದೇ ಸೈ. ಜೂನ್ ಕಳೆದು ಜುಲೈ ಬರುವಾಗ ಮರ ಕೆಂಪೇರಿ, ರಸ್ತೆಯಲ್ಲಿ ಹೋಗುವ ಬಸ್ಸಿನವರೂ ಕತ್ತು ಹೊರಗೆ ಹಾಕುವಷ್ಟಾಯಿತು. ಬಾವಲಿಗಳಂತೂ ಬಸ್ಸಿಗೆ ಕಾಯಲಿಲ್ಲ. ಮರಕ್ಕೆ ಬಲೆ ಹೊದೆಸಿದೆವು. 2018ರಲ್ಲಿ ಕೇರಳದಲ್ಲಿ ನಿಫಾ ಬಂದ ಮೇಲೆ ಬಾವಲಿ ಕಚ್ಚಿದ ಹಣ್ಣೆಂದರೆ ಜನ ಮಾರು ದೂರ ನಿಲ್ಲುತ್ತಾರೆ, ನಿಲ್ಲಲೂಬೇಕು; ಹಾಗಾಗಿ ಬಲೆ ಈಗ ಹಣ್ಣಿಗೆ ಮಾತ್ರವಲ್ಲ, ಮರ್ಯಾದೆಗೂ.

ಇಷ್ಟೆಲ್ಲ ಕಾದು ಕೊಯ್ದ ರಂಬೂಟಾನ್ ಮೂರನೆಯ ದಿನಕ್ಕೆ ಮುಖ ಕಪ್ಪು ಮಾಡುತ್ತದೆ. ಒಳಗಿನ ತಿರುಳಿಗೆ ಏನೂ ಆಗಿರುವುದಿಲ್ಲ. ಸುಲಿದು ಬಾಯಿಗೆ ಹಾಕಿದರೆ ಅದೇ ಸಿಹಿ, ಅದೇ ರಸ. ಕೆಡುವುದು ಕೂದಲು. ಆ ಹಣ್ಣಿನ ಮೈಮೇಲಿನ ಮೆತ್ತನೆಯ ಮುಳ್ಳುಗಳಿವೆಯಲ್ಲ, ಅವು ತೇವ ಕಳೆದುಕೊಳ್ಳುವುದಕ್ಕೇ ಮಾಡಿಟ್ಟ ಅಂಗ. ಒಂದೊಂದು ಕೂದಲಿನ ಮೇಲೂ ಸೂಕ್ಷ್ಮ ರಂಧ್ರಗಳು, ಎಲ್ಲ ಕೂದಲನ್ನೂ ಬಿಡಿಸಿ ಹಾಸಿದರೆ ಹಣ್ಣಿನ ಮೈಗಿಂತ ಎಷ್ಟೋ ಪಾಲು ಹೆಚ್ಚು ಹರವು. ಗಾಳಿ ತಾಕಿದಲ್ಲೆಲ್ಲ ನೀರು ಹೋಗುತ್ತದೆ, ತುದಿ ಬಾಡುತ್ತದೆ, ಬಾಡಿದ ಜೀವಕೋಶದೊಳಗೆ ಕಿಣ್ವಗಳು ಕೆಲಸ ಶುರುಮಾಡಿ ಕೆಂಪನ್ನು ಕಂದು ಮಾಡುತ್ತವೆ. ಕೊಯ್ದ ಮೇಲೆ ಇನ್ನಷ್ಟು ಹಣ್ಣಾಗುವ ಜಾತಿಯೂ ಅಲ್ಲ. ಹಾಗಾಗಿ ಬಾಳೆಗೊನೆಯನ್ನೋ ಮಾವನ್ನೋ ಮಾಡಿದ ಹಾಗೆ ಕಾಯಿಯಾಗಿ ಕೊಯ್ದು ದಾರಿಯಲ್ಲಿ ಹಣ್ಣು ಮಾಡುವ ಉಪಾಯ ಇಲ್ಲಿ ನಡೆಯದು. ಹತ್ತು ಹನ್ನೆರಡು ಡಿಗ್ರಿ ತಂಪಿನಲ್ಲಿ, ಗಾಳಿಯಾಡದ ಪೊಟ್ಟಣದಲ್ಲಿ ಇಟ್ಟರೆ ಎರಡು ವಾರದ ಆಸುಪಾಸು ಬಾಳುತ್ತದೆ. ಅದಕ್ಕಿಂತ ತಂಪು ಮಾಡಿದರೆ ಚಳಿ ಹಿಡಿದು ಮತ್ತೆ ಕಪ್ಪು. ಸೆಕೆಯೂ ಆಗದ, ಚಳಿಯೂ ಆಗದ ಅಳಿಯಂದಿರನ್ನು ನಾವು ಕಂಡದ್ದುಂಟು, ಹಣ್ಣನ್ನು ಕಂಡದ್ದು ಇದೇ ಮೊದಲು.

ಇನ್ನು ಸಾಗಾಟ. ಹಣ್ಣು ಬರುವ ತಿಂಗಳೂ ಘಾಟಿ ಜರಿಯುವ ತಿಂಗಳೂ ಒಂದೇ. ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಬೆಂಗಳೂರಿಗೆ ಕಳಿಸೋಣ ಎಂದರೆ 2018ರ ಆಗಸ್ಟಿನಲ್ಲಿ ಶಿರಾಡಿ ಮುಚ್ಚಿತು. ಚಾರ್ಮಾಡಿ ಉಂಟಲ್ಲ ಎಂದು ಸಮಾಧಾನಪಟ್ಟುಕೊಂಡವರಿಗೆ 2019ರ ಆಗಸ್ಟಿನಲ್ಲಿ ಚಾರ್ಮಾಡಿಯೂ ಉತ್ತರ ಕೊಟ್ಟಿತು. ಕುದುರೆಮುಖದ ದಾರಿ ಸುತ್ತಿ ಬೆಂಗಳೂರು ಮುಟ್ಟುವಷ್ಟರಲ್ಲಿ ಹಣ್ಣಿಗೆ ವಯಸ್ಸಾಗಿರುತ್ತದೆ. ಮರವನ್ನೇ ಗುತ್ತಿಗೆ ಹಿಡಿಯಲು ಬರುವ ವ್ಯಾಪಾರಿಗೆ ಇದೆಲ್ಲ ಗೊತ್ತು. ಅವನು ಮರ ನೋಡುವುದಿಲ್ಲ, ಆಕಾಶ ನೋಡಿ ರೇಟು ಹೇಳುತ್ತಾನೆ.

ಈ ಸಂಕಟವನ್ನು ಕೇಳಿಸಿಕೊಂಡು ಪರಿಹಾರ ಹೊತ್ತು ತಂದವನು ಮೂಡುಬಿದಿರೆಯಲ್ಲಿರುವ ನನ್ನ ತಂಗಿಯ ಮಗ. ಆಹಾರ ತಂತ್ರಜ್ಞಾನ ಓದುತ್ತಾನೆ. ಆ ಓದಿನಿಂದಾಗಿ ತಂಗಿಯ ಮನೆಯಲ್ಲಿ ಈಗ ಯಾರೂ ನೆಮ್ಮದಿಯಾಗಿ ಉಪ್ಪಿನಕಾಯಿ ತಿನ್ನುವ ಹಾಗಿಲ್ಲ. ಅದರ ಆಮ್ಲದ ಪ್ರಮಾಣ ಕೇಳಬೇಕಾಗುತ್ತದೆ. "ಮಾವ, ಇದಕ್ಕೆ ಕೋಟಿಂಗ್ ಮಾಡ್ಬೇಕು. ತಿನ್ನುವ ಕೋಟಿಂಗ್" ಎಂದ. ನನ್ನ ಹೆಂಡತಿ ಒಳಗಿನಿಂದಲೇ, "ಚಾಕಲೇಟಿನದ್ದಾ?" ಎಂದು ವಿಚಾರಿಸಿದಳು.

ಅವನು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕೊಯ್ದ ಹಣ್ಣು ಸತ್ತಿರುವುದಿಲ್ಲ, ಉಸಿರಾಡುತ್ತಿರುತ್ತದೆ. ಆಮ್ಲಜನಕ ಎಳೆದುಕೊಂಡು ತನ್ನೊಳಗಿನ ಸಕ್ಕರೆಯನ್ನು ತಾನೇ ಉರಿಸುತ್ತ, ಇಂಗಾಲದ ಡೈಆಕ್ಸೈಡನ್ನೂ ಬಿಸಿಯನ್ನೂ ಹೊರಗೆ ಬಿಡುತ್ತ, ಜೊತೆಗೆ ಆವಿಯಾಗಿ ನೀರನ್ನೂ ಕಳೆದುಕೊಳ್ಳುತ್ತದೆ. ಮರದಲ್ಲಿದ್ದಾಗ ಖರ್ಚಾದದ್ದನ್ನು ಬೇರು ತುಂಬಿಕೊಡುತ್ತಿತ್ತು. ಕೊಯ್ದ ಮೇಲೆ ಖರ್ಚು ಮಾತ್ರ, ಜಮೆ ಇಲ್ಲ. ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ, ತಿಂದರೂ ತೊಂದರೆಯಿಲ್ಲದ ಏನನ್ನಾದರೂ ಸವರಿದರೆ ಆಮ್ಲಜನಕ ಒಳಗೆ ಹೋಗುವುದು ನಿಧಾನವಾಗುತ್ತದೆ, ನೀರು ಹೊರಗೆ ಹೋಗುವುದೂ ನಿಧಾನವಾಗುತ್ತದೆ, ಹಣ್ಣಿನ ಮುಪ್ಪು ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ನಿಧಾನ ಎಂಬುದೇ ಇಲ್ಲಿ ಮುಖ್ಯ. ದಪ್ಪ ಬಳಿದು ಪೂರ್ತಿ ಬಾಯಿ ಮುಚ್ಚಿದಿರೋ, ಆಮ್ಲಜನಕ ಸಿಗದೆ ಹಣ್ಣು ಒಳಗೊಳಗೇ ಹುದುಗಲು ತೊಡಗುತ್ತದೆ, ಮದ್ಯಸಾರ ಹುಟ್ಟುತ್ತದೆ. ಹೊರಗೆ ಲಕಲಕ, ಒಳಗೆ ಗಡಂಗು.

ವಿದ್ಯೆ ಹೊಸತೇನಲ್ಲ. ಚೀನಾದವರು 12ನೆಯ ಶತಮಾನದಲ್ಲೇ ಕಿತ್ತಳೆ ನಿಂಬೆಗಳಿಗೆ ಮೇಣ ಹಚ್ಚುತ್ತಿದ್ದರಂತೆ. 16ನೆಯ ಶತಮಾನದ ಇಂಗ್ಲೆಂಡಿನವರು ಆಹಾರ ಬಾಡದಿರಲೆಂದು ಹಂದಿಯ ಕೊಬ್ಬು ಸವರುತ್ತಿದ್ದರು. ಈ ವಿವರವನ್ನು ಅವನು ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳಬಾರದಿತ್ತು. ನನ್ನ ಹೆಂಡತಿ ಅವನ ಮುಂದಿದ್ದ ತಟ್ಟೆಯನ್ನು ಅರ್ಧ ಅಡಿ ಹಿಂದಕ್ಕೆ ಎಳೆದುಕೊಂಡಳು. ನಮ್ಮದೇ ಮೈಸೂರಿನಲ್ಲಿ, 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ.ಯವರು ಹಣ್ಣು ಅದ್ದಿ ತೆಗೆಯುವ ಮೇಣದ ದ್ರಾವಣವನ್ನು ದಶಕಗಳ ಹಿಂದೆಯೇ ತಯಾರಿಸಿದ್ದಾರೆ. ರಾಜಕುಮಾರಿಗೆಂದು ಕಟ್ಟಿಸಿದ ಮನೆಯಲ್ಲಿ ಹಣ್ಣುಗಳಿಗೆ ಹೀಗೆ ಉಪಚಾರ ನಡೆದದ್ದು ಉಚಿತವೇ ಆಯಿತು. ಸ್ಪೇನಿನ ವಿಜ್ಞಾನಿಗಳು 2005ರಲ್ಲಿ ದ್ರಾಕ್ಷಿಗೆ ಲೋಳೆಸರದ ಲೋಳೆ ಸವರಿ 1 ಡಿಗ್ರಿ ತಂಪಿನಲ್ಲಿ ಇಟ್ಟರು. ಸವರದ ದ್ರಾಕ್ಷಿ ವಾರದಲ್ಲಿ ಸೊರಗಿತು, ಸವರಿದ್ದು 35 ದಿನ ನಿಂತಿತು. ಲೋಳೆಸರ ನಮ್ಮ ಬಚ್ಚಲಿನ ಹಿಂದೆ ಬೇಡ ಬೇಡವೆಂದರೂ ಬೆಳೆದಿದೆ. ನನ್ನ ಕಿವಿ ನೆಟ್ಟಗಾಯಿತು.

ಹಣ್ಣಿಗೆ ಬಳಿಯುವ ಪದಾರ್ಥಗಳ ಪಟ್ಟಿಯನ್ನು ಅವನು ಒಂದೊಂದಾಗಿ ಬಿಚ್ಚಿದ್ದು ಮಾತ್ರ ಮೂಡುಬಿದಿರೆಯಲ್ಲಿ, ಅದೂ ಬಹಳ ತಪ್ಪು ಹೊತ್ತಿನಲ್ಲಿ. ತಂಗಿಯ ಮನೆಯ ಪಕ್ಕ ಒಂದು ಜೈನರ ಮನೆ. ಆ ಮನೆಯ ಅಕ್ಕ ಬಸ್ತಿಗೆ ಹೋಗಿ ಬರುವಾಗ ದಾರಿಯಲ್ಲಿ ಸೇಬು ಕೊಂಡು ತಂದಿದ್ದರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು, ಗಡ್ಡೆಗೆಣಸು ಮುಟ್ಟದವರು, ಮಳೆಗಾಲದ ಚಾತುರ್ಮಾಸದಲ್ಲಿ ಸೊಪ್ಪನ್ನೂ ಬಿಡುವವರು. ಉಳಿದದ್ದು ಹಣ್ಣು. ಸೇಬನ್ನು ಉಗುರಿನಲ್ಲಿ ಕೆರೆದು, ಬಿಳಿಯ ಪುಡಿ ಬಂದದ್ದನ್ನು ತೋರಿಸಿ, "ಇದೆಂತ ಮಾರಾಯ, ಮೇಣದಬತ್ತಿಯಾ?" ಎಂದು ಕೇಳಿದರು. ಹುಡುಗ ಕಲಿತವನು. ಕಲಿತವರು ಪ್ರಶ್ನೆ ಕೇಳಿದಷ್ಟಕ್ಕೆ ಉತ್ತರ ಕೊಡುವುದಿಲ್ಲ.

ಸೇಬಿಗೆ ಹುಟ್ಟಿನಿಂದಲೇ ಮೇಣವಿದೆ ಅಕ್ಕ, ಎಂದು ಶುರುಮಾಡಿದ. ಗೋದಾಮಿನಲ್ಲಿ ತೊಳೆಯುವಾಗ ಅದರಲ್ಲಿ ಸುಮಾರು ಭಾಗ ಹೋಗುತ್ತದೆ, ಹೋದದ್ದಕ್ಕೆ ಬದಲಿಯಾಗಿ ಬೇರೆ ಬಳಿಯುತ್ತಾರೆ. ಬ್ರೆಜಿಲಿನ ಒಂದು ಜಾತಿಯ ತಾಳೆಯ ಎಲೆಯಿಂದ ತೆಗೆದ ಕಾರ್ನೌಬಾ ಮೇಣವಾದರೆ ಗಿಡದ್ದು, ನಿಮಗೆ ಆದೀತು. ಜೇನುಮೇಣವಾದರೆ... ಅಕ್ಕ ಜೇನನ್ನೇ ಮುಟ್ಟುವವರಲ್ಲ. ಹೊಳಪು ಹೆಚ್ಚಿಗೆ ಇದ್ದರೆ ಅರಗು ಇರಬಹುದು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುತ್ತಾರಲ್ಲ, ಅದೇ ಅರಗು, ಮರದ ಕೊಂಬೆಯಲ್ಲಿ ಸಣ್ಣ ಕೀಟಗಳು ಸ್ರವಿಸುವುದು. ಒಂದು ಕಿಲೋ ಅರಗಿಗೆ ಎಷ್ಟು ಕೀಟ ಬೇಕೆಂದು ಅವನು ಲೆಕ್ಕ ಹೇಳಲು ಹೊರಟಾಗ ತಂಗಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು. ಅಷ್ಟರಲ್ಲಿ ಅವನು ಕೈಟೋಸಾನಿಗೆ ತಲುಪಿಯಾಗಿತ್ತು. ಈಗಿನ ಸಂಶೋಧಕರಿಗೆ ಬಹಳ ಮೆಚ್ಚಾದ ಲೇಪ ಅದು. ಬೂಸ್ಟನ್ನು ತಡೆಯುವ ಗುಣ ಅದಕ್ಕೆ ಉಂಟು. ತೆಗೆಯುವುದು ಸಿಗಡಿ ಏಡಿಗಳ ಚಿಪ್ಪಿನಿಂದ. ಅಕ್ಕ ಸೇಬನ್ನು ಮೆಲ್ಲಗೆ ಜಗಲಿಯ ಮೇಲಿಟ್ಟರು. ಅಣಬೆಯಿಂದಲೂ ಕೈಟೋಸಾನ್ ತೆಗೆಯಬಹುದು ಎಂದು ಅವನು ಸಮಾಧಾನ ಹೇಳಿದ. ಅಣಬೆಯೂ ಅವರಿಗೆ ವರ್ಜ್ಯ.

ಕಾನೂನಿನ ಮಾತು ಹೇಳಿ ಅವರನ್ನು ಒಳಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ತಾಜಾ ಹಣ್ಣಿಗೆ ಜೇನುಮೇಣವನ್ನೋ ಕಾರ್ನೌಬಾ ಮೇಣವನ್ನೋ ಮಿತಿಯಲ್ಲಿ ಬಳಿಯಲು ನಮ್ಮ ಆಹಾರ ಸುರಕ್ಷತಾ ನಿಯಮ ಒಪ್ಪುತ್ತದೆ, ಆದರೆ ಮೇಣ ಬಳಿದಿದೆ, ಇಂಥದೇ ಮೇಣ ಎಂದು ಚೀಟಿಯಲ್ಲಿ ನಮೂದಿಸಬೇಕು. ಸೇಬಿನ ಮೇಲೆ ಒಂದು ಸ್ಟಿಕ್ಕರ್ ಇತ್ತು. ಅದನ್ನು ಮೂವರೂ ಕನ್ನಡಕ ಬದಲಿಸಿ ಬದಲಿಸಿ ನೋಡಿದೆವು. ಸೇಬಿನ ದೇಶ ಗೊತ್ತಾಯಿತು, ಮೇಣದ ಕುಲ ಗೊತ್ತಾಗಲಿಲ್ಲ. ಅಕ್ಕ ಚೂರಿ ತಂದು ಸಿಪ್ಪೆ ಹೆರೆದು ತಿಂದರು. ಇಡೀ ಆಹಾರ ತಂತ್ರಜ್ಞಾನಕ್ಕೆ ಅದೊಂದು ಉತ್ತರವೇ ಸರಿ, ಆದರೆ ಸಿಪ್ಪೆಯಲ್ಲೇ ಸತ್ವವಿದೆಯೆಂದು ಹೇಳಿಕೊಟ್ಟವರೂ ಅದೇ ಶಾಸ್ತ್ರದವರು.

ಲೇಪನಕ್ಕೆ ನಮ್ಮ ತಾಲೂಕುಗಳಲ್ಲಿ ಅಂಥ ವಿರೋಧವೇನೂ ಇರಬೇಕಿಲ್ಲ. ವೇಣೂರಿನಲ್ಲಿ 1604ರಿಂದ ನಿಂತ ಬಾಹುಬಲಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. 2024ರಲ್ಲಿ ಆದಾಗ ಎಳನೀರು, ಕಬ್ಬಿನಹಾಲು, ಹಾಲು, ಅರಸಿನ, ಕಷಾಯ, ಗಂಧ ಒಂದೊಂದೂ ಮೈಮೇಲೆ ಇಳಿಯುವುದನ್ನು ಊರಿಗೆ ಊರೇ ನಿಂತು ನೋಡಿತು. ಕೆಡುವ ಭಯವೇ ಇಲ್ಲದ ಕಲ್ಲಿಗೆ ಅಷ್ಟು ಲೇಪ! ಆದರೆ ಹಣ್ಣಿನ ಮೇಲೆ ಯಾವ ದ್ರಾವಣ ಬಿದ್ದರೂ ನಮ್ಮ ಜನರ ಬಾಯಲ್ಲಿ ಅದು 'ಮದ್ದು'. ಅಡಿಕೆ ಗೊನೆಗೆ ಮಳೆಗಾಲದ ಮೊದಲು ಬೋರ್ಡೊ ಬಿಟ್ಟು ಬಿಟ್ಟು ಈ ಮಾತು ನಮಗೆ ರೂಢಿ. ಮೈಲುತುತ್ತು, ಸುಣ್ಣ, ಅಂಟಲೆಂದು ಒಂದಿಷ್ಟು ರಾಳ. ಅಡಿಕೆಯ ಕೊಳೆರೋಗಕ್ಕೆ ಈ ಮದ್ದನ್ನು ಮೈಸೂರು ಸಂಸ್ಥಾನದಲ್ಲಿ ನೂರು ವರ್ಷಕ್ಕೂ ಹಿಂದೆ ರೂಢಿಗೆ ತಂದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್‌ಮನ್. ಅದರ ಹುಟ್ಟು ಮಾತ್ರ ಕಳ್ಳರ ಕಥೆ. ಫ್ರಾನ್ಸಿನ ಬೋರ್ಡೊ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಬದಿಯ ಬಳ್ಳಿಗೆ ನೀಲಿ ಬಣ್ಣದ ಅಸಹ್ಯ ದ್ರಾವಣ ಎರಚುತ್ತಿದ್ದರು, ದಾರಿಹೋಕರು ಹೇಸಿ ಕೈಹಾಕದಿರಲಿ ಎಂದು. ಆ ಬಳ್ಳಿಗಳಿಗೆ ರೋಗ ಬರಲಿಲ್ಲ. ಮಿಲಾರ್ಡೆ ಎಂಬ ಪ್ರೊಫೆಸರ್ ಅದನ್ನು ಗಮನಿಸಿ 1885ರಲ್ಲಿ ಲೋಕಕ್ಕೆ ಹೇಳಿದ. ನನ್ನ ರಂಬೂಟಾನ್ ಮರಗಳೂ ದಾರಿಬದಿಯಲ್ಲೇ ಇರುವುದರಿಂದ ಈ ಕಥೆ ನನಗೆ ಆಗಾಗ ನೆನಪಾಗುತ್ತದೆ.

ಮದ್ದಿನ ಭಯ ನಮ್ಮೊಬ್ಬರದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಹುಟ್ಟಿದ ಎಪೀಲ್ ಎಂಬ ಕಂಪನಿ ಗಿಡಗಳ ಎಣ್ಣೆಯಿಂದ ತೆಗೆದ ಕೊಬ್ಬಿನ ಅಂಶವನ್ನು ನೀರಿನಲ್ಲಿ ಕರಗಿಸಿ ಬೆಣ್ಣೆಹಣ್ಣಿಗೆ ಬಳಿಯುತ್ತದೆ. ಶುರುವಿಗೆ ಗೇಟ್ಸ್ ಪ್ರತಿಷ್ಠಾನದ ಒಂದು ಲಕ್ಷ ಡಾಲರು ಸಿಕ್ಕಿತ್ತು. ಜನರಿಗೆ ಗುಮಾನಿ ಹುಟ್ಟಲು ಅಷ್ಟು ಸಾಕಾಯಿತು. 2023ರಲ್ಲಿ ಆ ಲೇಪ ಕಣ್ಣು ಸುಡುತ್ತದೆ, ಚರ್ಮ ಸುಡುತ್ತದೆ ಎಂಬ ಎಚ್ಚರಿಕೆಯ ಹಾಳೆಯೊಂದು ಲೋಕವೆಲ್ಲ ಸುತ್ತಿತು. ಹಾಳೆ ಸುಳ್ಳಲ್ಲ, ಅದು ಬ್ರಿಟನ್ನಿನಲ್ಲಿ ತಯಾರಾಗುವ, ಅದೇ ಹೆಸರಿನ, ನೆಲ ಮೇಜು ಒರೆಸುವ ದ್ರಾವಣದ್ದು. ನಮ್ಮ ಊರಿನ ವಾಟ್ಸ್ಯಾಪ್ ಗುಂಪಿನಲ್ಲೂ ಇಂಥ ಹಾಳೆಗಳಿಗೆ ಬರವಿಲ್ಲ. ಒಂದೇ ಹೆಸರಿನ ಇಬ್ಬರು ಇರುವ ಊರಿನಲ್ಲಿ ಒಬ್ಬರ ಸಾಲಕ್ಕೆ ಇನ್ನೊಬ್ಬರ ಮನೆಗೆ ನೋಟೀಸು ಹೋಗುವುದು ನಮಗೆ ಗೊತ್ತಿದ್ದರೂ ಹಾಳೆ ಬಂದಾಗ ಫಾರ್ವರ್ಡ್ ಮಾಡಿಯೇ ಮಾಡುತ್ತೇವೆ.

ಇರಲಿ. ಹುಡುಗ ಬೆಳ್ತಂಗಡಿಗೆ ಬಂದು ಪ್ರಯೋಗಕ್ಕೆ ಕೂತದ್ದು ಆಟಿಯ ಜಡಿಮಳೆಯಲ್ಲಿ. ಬಚ್ಚಲ ಹಿಂದಿನ ಲೋಳೆಸರವನ್ನು ಸೀಳಿ, ಲೋಳೆ ತೆಗೆದು, ಮಿಕ್ಸಿಯಲ್ಲಿ ತಿರುವಿ, ಬಟ್ಟೆಯಲ್ಲಿ ಸೋಸಿ, ಕಾಯಿಸಿ ಆರಿಸಿ, ನಿಂಬೆರಸ ಹಿಂಡಿ, ನನ್ನ ಹೆಂಡತಿಯ ಇಡ್ಲಿಹಿಟ್ಟಿನ ಪಾತ್ರೆಯಲ್ಲಿ ರಂಬೂಟಾನುಗಳನ್ನು ಅದ್ದಿ ಅದ್ದಿ ತೆಗೆದ. ಎಣ್ಣೆ ಹಾಕಿ ತಲೆ ಬಾಚಿಸಿಕೊಂಡು ಗ್ರೂಪ್ ಫೋಟೋಕ್ಕೆ ನಿಂತ ಶಾಲೆಯ ಮಕ್ಕಳ ಹಾಗೆ ಅಷ್ಟೂ ಹಣ್ಣು ತಟ್ಟೆಯಲ್ಲಿ ಸಾಲಾಗಿ ಕೂತವು, ಕೂದಲೆಲ್ಲ ಮೈಗಂಟಿಸಿಕೊಂಡು. ಇನ್ನು ಒಣಗಬೇಕು. ಲೇಪ ಒಣಗಿ ಪದರವಾದರೆ ಮಾತ್ರ ಅದು ಲೇಪ. ಒಣಗದಿದ್ದರೆ ಬರೀ ಒದ್ದೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ, ಜುಲೈ ತಿಂಗಳಲ್ಲಿ, ನಮ್ಮ ಬನಿಯನುಗಳೇ ಒಲೆಯ ಮೇಲಿನ ಹಗ್ಗದಲ್ಲಿ ಸರದಿ ಕಾಯುವಾಗ ರಂಬೂಟಾನಿಗೆ ಯಾರು ಜಾಗ ಕೊಡುತ್ತಾರೆ? ಫ್ಯಾನು ಹಾಕಿದ, ಕರೆಂಟು ಹೋಯಿತು. ಹೇರ್ ಡ್ರೈಯರ್ ಇದೆಯೇ ಎಂದು ಕೇಳಿದ. ನನ್ನ ತಲೆಯ ಕಡೆ ನೋಡಿ ಅವನೇ ಸುಮ್ಮನಾದ.

ನಾಲ್ಕನೆಯ ದಿನಕ್ಕೆ ಲೆಕ್ಕ ತೆಗೆದ. ಕೂದಲು ಒಂದಕ್ಕೊಂದು ಅಂಟಿದ ಸಂದಿಗಳಲ್ಲಿ ಲೋಳೆ ದಪ್ಪಗೆ ನಿಂತು ಬೂಸ್ಟು ಕಂಡಿತ್ತು. ತುದಿಗಳಲ್ಲಿ ಲೇಪ ನಿಲ್ಲದೆ ಜಾರಿ, ಯಥಾಪ್ರಕಾರ ಕಪ್ಪು. ಅಂದರೆ ಬೇಡವಾದಲ್ಲಿ ದಪ್ಪ, ಬೇಕಾದಲ್ಲಿ ಇಲ್ಲ. ಒಂದೆರಡನ್ನು ಸುಲಿದಾಗ ಸಣ್ಣಗೆ ಹುಳಿವಾಸನೆಯೂ ಬಂತು. ಕೆಲಸದ ಆಳು ಮೂಸಿ ನೋಡಿ, "ಇದನ್ನು ಹೀಗೇ ಇನ್ನೆರಡು ದಿನ ಇಡಿ ಧಣಿ" ಎಂದು ಆಸಕ್ತಿ ತೋರಿಸಿದ. ಆದರೆ ಲೇಪವಿಲ್ಲದೆ, ಬರೀ ಬಾಳೆ ಎಲೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟ ಹಣ್ಣುಗಳು ಅವೆಲ್ಲಕ್ಕಿಂತ ಚೆನ್ನಾಗಿದ್ದವು. ಒಳಗಿನ ತೇವ ಒಳಗೇ ನಿಂತಿತ್ತು. ಕೂದಲಿರುವ ಹಣ್ಣಿಗೆ ಅಂಗಿ ಹೊಲಿಯುವುದಕ್ಕಿಂತ ಕೋಣೆ ಕಟ್ಟುವುದೇ ಲೇಸು ಎಂದು ನನಗೆ ಆಗಲೇ ಅನ್ನಿಸಿತು. ಪ್ರಯೋಗಶಾಲೆಗಳಲ್ಲಿ ತೆಳ್ಳಗೆ ಸಿಂಪಡಿಸಿ, ಗಾಳಿ ಊದಿ ಒಣಗಿಸಿ, ತಂಪಿನಲ್ಲಿಟ್ಟು ರಂಬೂಟಾನಿನ ಆಯುಷ್ಯ ಹೆಚ್ಚಿಸಿದವರು ಇದ್ದಾರೆ. ಅಲ್ಲಿ ಕೂಡ ಕೆಲಸದ ದೊಡ್ಡ ಪಾಲು ತಂಪಿನದ್ದೇ. ಲೇಪವನ್ನು ಹೊಗಳುವವರು ಅದರ ಪಕ್ಕದಲ್ಲಿ ಗುಂಯ್‌ಗುಡುವ ಶೀತಲ ಯಂತ್ರದ ಹೆಸರು ಹೇಳುವುದನ್ನು ಮರೆಯುತ್ತಾರೆ.

ಹುಡುಗನ ಮುಖ ಬಾಡಿದ್ದು ನೋಡಲಾಗದೆ ಅವನನ್ನು ಕರೆದುಕೊಂಡು ಬಂಟ್ವಾಳ ತಾಲೂಕಿನಲ್ಲಿರುವ ನನ್ನ ಮಾವನ ಮನೆಗೆ ಹೋದೆವು. ವಿಟ್ಲದಿಂದ ಒಳಗೆ, ಹಂಚಿನ ಹಳೆಯ ಮನೆ. ಅಲ್ಲಿ ಅತ್ತೆಯದ್ದೇ ಆಳ್ವಿಕೆ. ಅಡುಗೆಮನೆಯ ಪಕ್ಕಾಸುಗಳಿಂದ ಬಾಳೆನಾರಿನಲ್ಲಿ ಕಟ್ಟಿ ತೂಗುಬಿಟ್ಟ ಸೌತೆಕಾಯಿಗಳು, ಒಂದಕ್ಕೊಂದು ತಾಗದ ಹಾಗೆ. ಆಚೆ ಅಟ್ಟದಲ್ಲಿ ಚೀನಿಕಾಯಿ, ಕುಂಬಳಕಾಯಿ. ಬೇಸಿಗೆಯಲ್ಲಿ ಗದ್ದೆಯಿಂದ ಬಂದವು, ಆಟಿ ಕಳೆದು ಚೌತಿ ಬಂದರೂ ಇರುತ್ತವೆ. ಹುಡುಗ ಅಟ್ಟ ಹತ್ತಿದವನೇ ಒಂದು ಕುಂಬಳಕಾಯಿಯನ್ನು ತಬ್ಬಿ ಎತ್ತಲು ಹೋದ. "ಮೈ ಮುಟ್ಟಬೇಡ ಮಾರಾಯ, ತೊಟ್ಟು ಹಿಡಿ!" ಎಂದು ಅತ್ತೆ ಕೆಳಗಿನಿಂದ ಕೂಗಿದರು. "ಬೂದಿ ಹೋದ್ರೆ ಅಲ್ಲಿಂದಲೇ ಕೊಳೆಯುವುದು. ಅದಕ್ಕೆ ಅದೇ ಅಂಗಿ."

ಕುಂಬಳದ ಮೈಮೇಲಿನ ಆ ಬಿಳಿ ಬೂದಿ ಶುದ್ಧ ಮೇಣ. ಬಳ್ಳಿ ತಾನೇ ತಯಾರಿಸಿ ಕಾಯಿಯ ಮೇಲೆ ಬಳಿದದ್ದು. ನೀರನ್ನು ಹೊರಗೆ ಬಿಡದು, ಬೂಸ್ಟನ್ನು ಒಳಗೆ ಬಿಡದು. ಹಾಗಾಗಿಯೇ ತಿಂಗಳುಗಟ್ಟಲೆ, ಒಳ್ಳೆಯ ಅಟ್ಟವಾದರೆ ಮುಂದಿನ ಬೆಳೆಯ ತನಕ ಕುಂಬಳ ಕದಲದೆ ಕೂರುತ್ತದೆ. ಹುಡುಗ ಬೆರಳಿನಲ್ಲಿ ಒಂದಿಷ್ಟು ಒರೆಸಿ, ಉಜ್ಜಿ, ಬೆಳಕಿಗೆ ಹಿಡಿದು ನೋಡಿದ. ಎಳೆಯದಿರುವಾಗ ಕುಂಬಳಕಾಯಿಗೂ ಮೈತುಂಬ ರೋಮ, ಮುಟ್ಟಿದರೆ ಕೈಗೆ ಚುಚ್ಚುತ್ತದೆ. ಬಲಿಯುತ್ತ ಬಂದ ಹಾಗೆ ರೋಮ ಉದುರಿಸಿ ಬೂದಿ ಬಳಿದುಕೊಳ್ಳುತ್ತದೆ. ಆಮೇಲೆ ದೀರ್ಘಾಯುಷ್ಯ. ರಂಬೂಟಾನಿಗೆ ಕೊನೆಯ ತನಕ ಕೂದಲಿನ ವ್ಯಾಮೋಹ ಹೋಗುವುದಿಲ್ಲ.

ಅತ್ತೆಯ ಎರಡನೆಯ ಪಾಠ ಅಡುಗೆಮನೆಯ ಹಿಂದಿನ ಕತ್ತಲೆ ಮೂಲೆಯಲ್ಲಿತ್ತು. ನೋಡಿದರೆ ಕೆಮ್ಮಣ್ಣಿನ ಉಂಡೆಗಳ ರಾಶಿ. ಹಲಸಿನ ಬೇಳೆ. ಹಣ್ಣಿನ ಕಾಲದಲ್ಲಿ ಕೂಡಿಟ್ಟ ಬೇಳೆಗಳನ್ನು ಕೆಮ್ಮಣ್ಣಿನ ಕೆಸರಿನಲ್ಲಿ ಹೊರಳಿಸಿ, ನೆರಳಿನಲ್ಲಿ ಆರಿಸಿ ರಾಶಿ ಹಾಕಿದರೆ ಮಳೆಗಾಲವೆಲ್ಲ ಸಾಂಬಾರಿಗೆ ಬರುತ್ತವೆ. ಮೊದಲೆಲ್ಲ ಆಟಿಯಲ್ಲಿ ಗದ್ದೆ ಕೆಲಸವಿಲ್ಲ, ತರಕಾರಿಯಿಲ್ಲ, ಕೊಂಡು ತರಲು ಕಾಸಿಲ್ಲ. ಈ ಬೇಳೆ, ಉಪ್ಪಿನಲ್ಲಿಟ್ಟ ಸೊಳೆ, ಬೇಯಿಸಿ ಒಣಗಿಸಿದ ಸಾಂತಾಣಿ ಇವೇ ಹೊಟ್ಟೆ ತುಂಬಿಸಿದ್ದು. ಹಲಸಿನ ಬೀಜಕ್ಕೊಂದು ದೌರ್ಬಲ್ಯವಿದೆ: ಒಳಗಿನ ನೀರು ಒಣಗಿದರೆ ಅದು ಸಾಯುತ್ತದೆ. ಭತ್ತವನ್ನು ಒಣಗಿಸಿ ಇಟ್ಟ ಹಾಗೆ ಇದನ್ನು ಇಡಲಾಗದು. ಒದ್ದೆ ಇಟ್ಟರೆ ಮೊಳಕೆ, ಇಲ್ಲವೇ ಬೂಸ್ಟು. ಮಣ್ಣಿನ ತೆಳು ಪದರ ಇವೆರಡರ ನಡುವಿನ ದಾರಿ; ಉಸಿರಾಡಲು ಬೇಕಾದಷ್ಟು ಸಂದಿ, ಬಾಡಿಹೋಗದಷ್ಟು ಮುಚ್ಚುಮರೆ. ಹುಡುಗ ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಅತ್ತೆಗೆ ವಿವರಿಸಿ, "ಅಜ್ಜಿ, ನೀವು ಮಾಡಿದ್ದು ಅದೇ ಟೆಕ್ನಾಲಜಿ" ಎಂದ. "ಎಂತದ್ದೋ ಒಂದು. ಇದು ತೊಳೆದ್ರೆ ಹೋಗ್ತದೆ, ನಿನ್ನದು ಹೋಗ್ತದಾ?" ಎಂದರು ಅತ್ತೆ. ಕಾರ್ನೌಬಾ ಮೇಣ ತಣ್ಣೀರಿನಲ್ಲಿ ತೊಳೆದರೆ ಹೋಗುವುದಿಲ್ಲ ಎಂಬುದನ್ನು ಅವನು ಅಲ್ಲಿ ಹೇಳಲಿಲ್ಲ. ಅಷ್ಟು ಕಲಿತಿದ್ದಾನೆ.

ನನ್ನ ಅಭಿಪ್ರಾಯ ಕೇಳಿದರೆ, ಲೇಪದ ವಿದ್ಯೆಯನ್ನು ನಯವಾದ ಮೈಯ ಹಣ್ಣಿಗೆ ಬಿಡಬೇಕು. ನಮ್ಮ ಮುಂಡಪ್ಪ ಮಾವು ಉಂಟು: ರಸದ ಚೀಲ, ತೆಳು ಸಿಪ್ಪೆ, ಮಂಗಳೂರು ದಾಟಿದರೆ ಕಣ್ಣೀರು. ಅದು ಮುಂಬಯಿ ಮುಟ್ಟಲು ಎರಡು ದಿನ ಹೆಚ್ಚಿಗೆ ಸಿಕ್ಕರೂ ಅಲ್ಲಿನ ನಮ್ಮವರಿಗೆ ವರ್ಷಕ್ಕೊಮ್ಮೆ ಊರು ನೆನಪಾಗುತ್ತದೆ. ಮೂಡುಬಿದಿರೆಯ ಅನಾನಸಿಗೂ ಆದೀತು. ತಂಪಿನಲ್ಲಿಟ್ಟು ದೂರ ಕಳಿಸುವ ಅನಾನಸಿಗೆ ಮೇಣ ಹಚ್ಚಿದರೆ ಒಳಗಿನ ಕಪ್ಪು ಕಡಿಮೆಯಾಗುತ್ತದೆಂದು ಅದನ್ನು ರಫ್ತು ಮಾಡುವ ದೇಶಗಳವರು ಕಂಡುಕೊಂಡಿದ್ದಾರೆ. ಹಾಗೆ ಸಿಕ್ಕ ಎರಡು ದಿನ ಯಾರ ಕಿಸೆಗೆ ಹೋಗುತ್ತದೆ ಎನ್ನುವುದು ಬೇರೆ ಪ್ರಶ್ನೆ. ಹಣ್ಣು ಕೆಡುತ್ತದೆ ಎಂದು ಹೆದರಿಸಿ ನಮ್ಮಿಂದ ಕಡಿಮೆಗೆ ಕೊಳ್ಳುತ್ತಿದ್ದವನು, ಕೆಡುವುದಿಲ್ಲ ಎಂದಾದ ಮೇಲೆ ಹೆಚ್ಚು ಕೊಡುತ್ತಾನೆಯೇ? ಈ ಮಾತನ್ನು ಮೂಡುಬಿದಿರೆ ಪೇಟೆಯ ಹಣ್ಣಿನಂಗಡಿಯವರ ಹತ್ತಿರ ಎತ್ತಿದೆ. ಅವರು ಅನಾನಸಿನ ಜುಟ್ಟು ತಿರುವುತ್ತ, "ಹೊಳೆದ್ರೆ ಮದ್ದು ಹಾಕಿದ್ದಾ ಅಂತ ಕೇಳ್ತಾರೆ, ಹೊಳೆಯದಿದ್ರೆ ನಿನ್ನೆಯದ್ದಾ ಅಂತ ಕೇಳ್ತಾರೆ. ನಿಮಗೆ ಯಾವುದು ಕೊಡ್ಲಿ?" ಎಂದರು.

ಹುಡುಗನ ತಲೆಗೆ ಈಗ ಕುಂಬಳದ ಬೂದಿ ಹೊಕ್ಕಿದೆ. ಅದನ್ನು ಕೆರೆದು ಕೂಡಿಸಿ, ಕರಗಿಸಿ, ಮುಂಡಪ್ಪಕ್ಕೆ ಸವರಿ ನೋಡಬೇಕಂತೆ. ಗಿಡದ್ದು, ಪಕ್ಕದ ಮನೆಯ ಅಕ್ಕನಿಗೂ ಅಡ್ಡಿಯಿಲ್ಲ. ಒಂದು ಕಾಯಿಯಿಂದ ಚಿಟಿಕೆಯಷ್ಟು ಸಿಕ್ಕೀತು, ಹಾಗಾಗಿ ಅಟ್ಟದ ಅಷ್ಟೂ ಕಾಯಿ ಬೇಕು ಎಂದು ಅತ್ತೆಯ ಬಳಿ ಕೈಮುಗಿದು ಕೇಳಿದ. ಅತ್ತೆ ಬಹಳ ಹೊತ್ತು ಯೋಚಿಸಿ, ಒಂದು ಮಾತ್ರ ಕೊಡಲು ಒಪ್ಪಿದರು, ಬೂದಿ ಅವನಿಗೆ, ಕಾಯಿ ಮನೆಗೆ ಎಂಬ ಕರಾರಿನ ಮೇಲೆ. ಹುಡುಗ ಅರ್ಧ ದಿನ ಕೂತು ಚಮಚದಲ್ಲಿ ಕೆರೆದು ಔಷಧದ ಸಣ್ಣ ಡಬ್ಬಿಗೆ ತುಂಬಿಕೊಂಡ. ಅಂಗಿ ಕಳೆದುಕೊಂಡ ಕುಂಬಳಕಾಯಿ ಇನ್ನು ನಿಲ್ಲುವುದಿಲ್ಲವೆಂದು ಅತ್ತೆ ಅವತ್ತೇ ತುರಿದು, ತುಪ್ಪ ಸಕ್ಕರೆ ಹಾಕಿ ಕಾಶಿ ಹಲ್ವ ಕಾಯಿಸಿದರು. ಸಂಜೆ ಬೆಳ್ತಂಗಡಿಗೆ ಹೊರಟಾಗ ದಾರಿಗೆಂದು ಡಬ್ಬಿಯಲ್ಲಿ ತುಂಬಿಸಿಯೂ ಕೊಟ್ಟರು. ಬಿ.ಸಿ. ರೋಡಿನ ಟ್ರಾಫಿಕ್ಕಿನಲ್ಲಿ ನಿಂತಾಗಲೇ ಅದು ಮುಗಿಯಿತು.